ಬಟ್ಟೆಯ ಹಗ್ಗದಲ್ಲಿ ಒಂದು ಪುಟ್ಟ ಸಂಸಾರ

ಅಂಗಳದ ದಾಸವಾಳದ ಗಿಡದಲ್ಲಿ ಗುಬ್ಬಚ್ಚಿಗಿಂತಲೂ ಚಿಕ್ಕದಾದ, ಬಾಗಿದ ಕೊಕ್ಕಿನ ಹಕ್ಕಿಯೊಂದು ಹೂವಿನಿಂದ ಹೂವಿಗೆ ಹಾರುವುದನ್ನು ನೀವು ಕಂಡಿರಬಹುದು. ಮಕ್ಕಳು ಅದನ್ನು 'ಹಮ್ಮಿಂಗ್ ಬರ್ಡ್' ಎನ್ನುತ್ತಾರೆ. ಆದರೆ ಹಮ್ಮಿಂಗ್ ಬರ್ಡ್ ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ನಮ್ಮ ಈ ಹಕ್ಕಿಯ ಹೆಸರು ಸೂರಕ್ಕಿ.

ಇದರ ಬಂಧುಗಳು ಕೊಡಗಿನ ದಟ್ಟ ಕಾಡುಗಳಲ್ಲೂ ಇವೆ. ಮೈಸೂರಿನಲ್ಲಿ ಕುಕ್ಕರಹಳ್ಳಿ ಮತ್ತು ಕಾರಂಜಿ ಕೆರೆಗಳ ದಂಡೆಯಲ್ಲಷ್ಟೇ ಅಲ್ಲ, ನಾಲ್ಕು ಹೂಗಿಡಗಳಿರುವ ಮನೆಯ ಮುಂದೆಯೂ ಸೂರಕ್ಕಿ ಬರುತ್ತದೆ. ನಾವು ಹೆಚ್ಚಾಗಿ ಕಾಣುವ ಜಾತಿಯ ಉದ್ದ ಸುಮಾರು 10 ಸೆಂಟಿಮೀಟರ್. ತೂಕ 10 ಗ್ರಾಂ ಕೂಡ ಇಲ್ಲ. ಗಂಡಿನ ಬೆನ್ನು ಕಡುಗೆಂಪು, ಹೊಟ್ಟೆ ಹಳದಿ, ನೆತ್ತಿ ಮಿರುಗುವ ಹಸಿರು. ಹೆಣ್ಣಿನದು ಸಾದಾ ಕಂದು-ಹಳದಿ ಉಡುಗೆ.

ಆದರೆ ಮನೆ ಕಟ್ಟುವವಳು ಈ ಸಾದಾ ಉಡುಗೆಯವಳೇ! ನಾವು ಪೊರಕೆಯಿಂದ ತೆಗೆದು ಬಿಸಾಡುವ ಜೇಡರ ಬಲೆಯೇ ಅವಳಿಗೆ ದಾರ. ಅದರಿಂದ ನಾರು, ತೊಗಟೆಯ ಚೂರುಗಳನ್ನು ಸೇರಿಸಿ ಚೀಲದಂತಹ ಗೂಡು ನೇಯುತ್ತಾಳೆ. ಬದಿಯಲ್ಲಿ ಬಾಗಿಲು, ಅದರ ಮೇಲೊಂದು ಚಿಕ್ಕ ಸೂರು, ಒಳಗೆ ಮೆತ್ತನೆಯ ಹತ್ತಿಯಂತಹ ಹಾಸಿಗೆ. ಇಡುವುದು ಸಾಮಾನ್ಯವಾಗಿ 2 ಮೊಟ್ಟೆ. ಮರಿ ಹೊರಬರಲು ಸುಮಾರು 15 ದಿನ, ಮರಿ ಹಾರಲು ಮತ್ತೆ ಅಷ್ಟೇ ದಿನಗಳು ಬೇಕು. ಮರಿಗಳಿಗೆ ಉಣಿಸುವಾಗ ಗಂಡೂ ಕೈಜೋಡಿಸುತ್ತದೆ.

ಸಮಸ್ಯೆ ಇರುವುದು ಇಲ್ಲೇ. ಸೂರಕ್ಕಿ ಗೂಡು ಕಟ್ಟಲು ಅನೇಕ ವೇಳೆ ಆರಿಸಿಕೊಳ್ಳುವುದು ವರಾಂಡದ ತಂತಿ ಅಥವಾ ಬಟ್ಟೆ ಒಣಗಿಸುವ ಹಗ್ಗವನ್ನು. ನೋಡಿದರೆ ಕಸದ ಮುದ್ದೆಯಂತೆ ಕಾಣುತ್ತದೆ. ಹಬ್ಬಕ್ಕೆ, ಮದುವೆಗೆ ಮನೆ ಸ್ವಚ್ಛ ಮಾಡುವ ಭರದಲ್ಲಿ ಒಂದು ಏಟಿಗೆ ಆ ಸಂಸಾರವೇ ಮುಗಿದುಹೋಗುತ್ತದೆ. ಆದ್ದರಿಂದ ತೂಗಾಡುವ ಕಸವನ್ನು ಕಂಡರೆ ಕೋಲೆತ್ತುವ ಮೊದಲು ಸ್ವಲ್ಪ ಹೊತ್ತು ದೂರದಿಂದ ಗಮನಿಸಿ. ಗೂಡಾಗಿದ್ದರೆ ಒಂದು ತಿಂಗಳು ಬಟ್ಟೆಗೆ ಬೇರೆ ಹಗ್ಗ ಕಟ್ಟಿಕೊಳ್ಳಿ. ಗೂಡನ್ನು ಬೇರೆಡೆಗೆ ಸರಿಸಬೇಡಿ, ಮಕ್ಕಳು ಬೆರಳು ಹಾಕದಂತೆ ನೋಡಿಕೊಳ್ಳಿ.

ಇನ್ನೊಂದು ಮಾತು. ಮಕರಂದ ಕುಡಿಯುವ ಹಕ್ಕಿಯಾದರೂ ಮರಿಗಳು ಬೆಳೆಯಲು ಹುಳು, ಜೇಡಗಳೇ ಬೇಕು. ಗಿಡಕ್ಕೆ ವಿಷ ಸಿಂಪಡಿಸಿದರೆ ಮರಿಗಳ ತುತ್ತನ್ನೇ ಕಸಿದಂತೆ. ಜಾಗವಿದ್ದರೆ ಒಂದೆಸಳಿನ ಸುತ್ತಿನ ದಾಸವಾಳ, ನುಗ್ಗೆ, ಬಾಳೆ ಬೆಳೆಸಿ. ಅಡುಗೆಮನೆಗೂ ಆಯಿತು, ಸೂರಕ್ಕಿಗೂ ಆಯಿತು. ಹೂವಿನಿಂದ ಹೂವಿಗೆ ಪರಾಗವನ್ನು ಒಯ್ದು, ಕಾಯಿ ಕಟ್ಟಲು ನೆರವಾಗಿ ಅದು ತನ್ನ ಊಟದ ಋಣವನ್ನು ತೀರಿಸುತ್ತದೆ.