ಶಾಂತಿ ಕಾಯುವವರು ಯಾರು?

ಕೋಲಾರ ಜಿಲ್ಲೆಗೆ ಜಿಲ್ಲಾಧಿಕಾರಿ ಒಬ್ಬರೇ. ಪೊಲೀಸ್ ವರಿಷ್ಠಾಧಿಕಾರಿಗಳು ಮಾತ್ರ ಇಬ್ಬರು! ಒಬ್ಬರು ಕೋಲಾರದಲ್ಲಿ, ಇನ್ನೊಬ್ಬರು ಕೆ.ಜಿ.ಎಫ್.ನಲ್ಲಿ. ಊರಿಗಾಂ, ಚಾಂಪಿಯನ್ ರೀಫ್, ಮಾರಿಕುಪ್ಪಂ, ರಾಬರ್ಟ್‌ಸನ್‌ಪೇಟೆ, ಬಂಗಾರಪೇಟೆ ಎಲ್ಲವೂ ಎರಡನೆಯವರ ವ್ಯಾಪ್ತಿಗೆ ಸೇರಿವೆ. ಚಿನ್ನದ ನೆಲಕ್ಕೆ ಬಿಗಿ ಕಾವಲು ಬೇಕಾಗಿದ್ದ ಕಾಲದಿಂದ ಬಂದ ಏರ್ಪಾಡು ಇದು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಪೊಲೀಸ್ ಜಿಲ್ಲೆ ಉಳಿಯಿತು. ಚಿನ್ನ ಹೋದ ಮೇಲೆ ಕಾಯುವುದು ಏನನ್ನು?

ಶಾಂತಿಯನ್ನು. ಇಂಗ್ಲೆಂಡಿನಲ್ಲಿ 1361ರಷ್ಟು ಹಿಂದೆಯೇ ಒಂದು ಕಾಯಿದೆಯ ಮೂಲಕ ಸ್ಥಳೀಯ ಗಣ್ಯರಿಗೆ ಶಾಂತಿ ಕಾಯುವ ಹೊಣೆ ವಹಿಸಲಾಯಿತು. ಅಮೆರಿಕದಲ್ಲಿ ಷೆರಿಫ್, ಪೊಲೀಸ್ ಮೊದಲಾದವರನ್ನು 'ಪೀಸ್ ಆಫೀಸರ್' ಎನ್ನುವುದುಂಟು. ನಮ್ಮಲ್ಲಿ ಆ ಹೆಸರಿನ ಹುದ್ದೆ ಇಲ್ಲದಿದ್ದರೂ ಕೆಲಸವಂತೂ ಇದೆ. ಅದು ಪೊಲೀಸರಿಗೂ ತಹಶೀಲ್ದಾರರಿಗೂ ಹಂಚಿಹೋಗಿದೆ.

ತಹಶೀಲ್ದಾರರೆಂದರೆ ಜಾತಿ, ಆದಾಯ ಪ್ರಮಾಣಪತ್ರ ಕೊಡುವವರು ಎಂದಷ್ಟೇ ವಿದ್ಯಾರ್ಥಿಗಳಿಗೆ ಗೊತ್ತು. ಅವರು ತಾಲ್ಲೂಕು ದಂಡಾಧಿಕಾರಿಯೂ ಹೌದು. ಕೊಳಾಯಿ ನೀರಿಗಾಗಿಯೋ ಗೋಡೆಯ ಅಂಚಿಗಾಗಿಯೋ ಎರಡು ಮನೆಯವರು ದೊಣ್ಣೆ ಹಿಡಿಯುವ ಹಂತ ಮುಟ್ಟಿದರೆ, ಪೊಲೀಸರ ವರದಿಯ ಮೇಲೆ ಅವರು ನೋಟಿಸು ಕೊಟ್ಟು, ಶಾಂತಿಯಿಂದಿರುವುದಾಗಿ ಮುಚ್ಚಳಿಕೆ ಬರೆಸಿಕೊಳ್ಳಬಹುದು. ಹಿಂದೆ ಇದು ದಂಡ ಪ್ರಕ್ರಿಯಾ ಸಂಹಿತೆಯ 107ನೇ ಕಲಮು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 126ನೇ ಕಲಮು.

ಆಳದ ಗಣಿಯಲ್ಲಿ ಬಂಡೆ ಸಿಡಿಯುವುದನ್ನು ಕೆ.ಜಿ.ಎಫ್.ನ ಹಿರಿಯರು ಬಲ್ಲರು. ಮೂರು ಕಿಲೋಮೀಟರಿಗೂ ಕೆಳಗೆ ಕಲ್ಲಿನಲ್ಲಿ ಒತ್ತಡ ಕೂಡುತ್ತಾ ಹೋಗಿ ಒಮ್ಮೆಲೇ ಸ್ಫೋಟಿಸುತ್ತಿತ್ತು. ಅದಕ್ಕೆಂದೇ ಅಲ್ಲಿ ಕಂಪನಮಾಪಕಗಳನ್ನು ಇರಿಸಿದ್ದರು. ಬೀಟ್ ಪೇದೆಯ ಕೆಲಸವೂ ಹೆಚ್ಚುಕಡಿಮೆ ಅಂಥದೇ. ಜಗಳದ ಸದ್ದು ಅವನಿಗೆ ಮೊದಲೇ ಕೇಳಿಸಬೇಕು. ಜನರಿಗೆ ಅವನ ಮೇಲೆ ನಂಬಿಕೆ ಇಲ್ಲದಿದ್ದರೆ ಹೇಗೆ ಕೇಳಿಸೀತು?

ನಂಬಿಕೆ ಕೆಟ್ಟರೆ ಏನಾಗುತ್ತದೆಂಬುದನ್ನು ಈ ಊರು 1930ರಲ್ಲೇ ಕಂಡಿದೆ. ಕಾರ್ಮಿಕರ ನೋಂದಣಿಗೆ ಬೆರಳಚ್ಚು ಕಡ್ಡಾಯ ಮಾಡಹೊರಟಾಗ ಸಾವಿರಾರು ಮಂದಿ ಗಣಿಗೆ ಇಳಿಯಲೇ ಇಲ್ಲ. ಚಿನ್ನದ ಕಳವು ತಡೆಯುವುದು ಆಡಳಿತದ ಲೆಕ್ಕ. ದುಡಿಯುವವನಿಗೆ ಅದು ತನ್ನನ್ನು ಕಳ್ಳರ ಸಾಲಿಗೆ ಸೇರಿಸಿದಂತೆ. ಗಣಿಯ ಶಾಂತಿ ಕೆಟ್ಟದ್ದು ಕಾವಲು ಕಡಿಮೆಯಾಗಿ ಅಲ್ಲ.

ಮುಚ್ಚಳಿಕೆಯ ನೋಟಿಸು ಬಂದರೆ ಅನೇಕ ಮನೆಗಳಲ್ಲಿ ಗಾಬರಿ. ಮಗನ ನೌಕರಿಗೆ ಕುತ್ತು ಬಂತೆಂದು ತಾಯಂದಿರು ಕಣ್ಣೀರಿಡುವುದುಂಟು. ಅದು ಅಪರಾಧಕ್ಕೆ ವಿಧಿಸಿದ ಶಿಕ್ಷೆಯಲ್ಲ, ಮುನ್ನೆಚ್ಚರಿಕೆಯ ಕ್ರಮ. ಹಾಗೆಂದು ಕಾಗದವನ್ನು ಮೂಲೆಗೆ ಎಸೆಯುವುದೂ ತಪ್ಪು. ಹಾಜರಾಗಿ ತನ್ನ ಕಾರಣ ಹೇಳಿಕೊಳ್ಳುವ ಹಕ್ಕು ಪ್ರತಿಯೊಬ್ಬರಿಗೂ ಇದೆ, ವಕೀಲರನ್ನೂ ಇಟ್ಟುಕೊಳ್ಳಬಹುದು. ಆದೇಶವಾದ ಮೇಲೂ ಮುಚ್ಚಳಿಕೆ ಕೊಡದಿದ್ದರೆ ಸೆರೆವಾಸವಾದೀತು. ಕೊಟ್ಟು ಮುರಿದರೆ ಬರೆದುಕೊಟ್ಟ ಹಣ ಕಟ್ಟಬೇಕಾದೀತು. ಈ ಕಲಮಿನಡಿ ಮುಚ್ಚಳಿಕೆಯ ಅವಧಿ ಒಂದು ವರ್ಷ ಮೀರುವಂತಿಲ್ಲ.