ಅಡ್ಡಹೆಸರು ಮತ್ತು ಅವಹೇಳನ: ಒಂದು ಸಮಜಾಯಿಷಿಯ ಪರಿಶೀಲನೆ

ಬ್ರಿಟನ್ನಿನ ರಾಜಕುಮಾರ ಹ್ಯಾರಿ 2006ರಲ್ಲಿ ಸೈನಿಕ ಶಿಕ್ಷಾರ್ಥಿಯಾಗಿದ್ದಾಗ ಪಾಕಿಸ್ತಾನದ ಸಹಶಿಕ್ಷಾರ್ಥಿಯೊಬ್ಬನನ್ನು ‘ಪಾಕಿ’ ಎಂದು ಕರೆದ ವಿಡಿಯೊ 2009ರ ಜನವರಿಯಲ್ಲಿ ಬಹಿರಂಗವಾಯಿತು. ಅರಮನೆಯು ಕ್ಷಮೆ ಯಾಚಿಸಿತಾದರೂ, ಅದು ದ್ವೇಷವಿಲ್ಲದೆ ಗೆಳೆಯನಿಗೆ ಬಳಸಿದ ಅಡ್ಡಹೆಸರೆಂಬ ಸಮಜಾಯಿಷಿಯನ್ನೂ ಸೇರಿಸಿತು.

‘ಬ್ರಿಟಿಷ್’ ಎಂಬುದು ‘ಬ್ರಿಟ್’ ಆದಂತೆ ಇದೂ ಕೇವಲ ಹ್ರಸ್ವರೂಪವೆಂಬ ವಾದವೊಂದುಂಟು. ವ್ಯುತ್ಪತ್ತಿಯ ಮಟ್ಟಿಗೆ ಅದು ಸರಿಯೇ. ಆದರೆ ಪದವೊಂದು ತನ್ನ ಬಳಕೆಯ ಚರಿತ್ರೆಯನ್ನು ಹೊತ್ತೇ ಬರುತ್ತದೆ. 1960ರ ದಶಕದ ಕೊನೆಯಿಂದ ಇಂಗ್ಲೆಂಡಿನ ಬೀದಿಗಳಲ್ಲಿ ದಕ್ಷಿಣ ಏಷ್ಯಾದ ವಲಸಿಗರನ್ನು ಥಳಿಸುವುದಕ್ಕೆ ‘ಪಾಕಿ ಬ್ಯಾಶಿಂಗ್’ ಎಂಬ ಹೆಸರೇ ಇತ್ತು. ಏಟು ತಿಂದವರಲ್ಲಿ ಭಾರತೀಯರೂ ಇದ್ದರು. ಹೊಡೆಯುವವರಿಗೆ ದೇಶಭೇದ ಬೇಕಿರಲಿಲ್ಲ.

ಅಡ್ಡಹೆಸರು ಸಲಿಗೆಯದೆನಿಸಬೇಕಾದರೆ ಅದನ್ನು ಬೇಡವೆನ್ನುವ ಸ್ವಾತಂತ್ರ್ಯ ಕರೆಸಿಕೊಳ್ಳುವವನಿಗಿರಬೇಕು. ರಾಣಿಯ ಮೊಮ್ಮಗನೆದುರು ಪರದೇಶದ ಶಿಕ್ಷಾರ್ಥಿಗೆ ಅದು ಎಷ್ಟಿದ್ದೀತು? 2023ರಲ್ಲಿ ಪ್ರಕಟವಾದ ‘ಸ್ಪೇರ್’ ಎಂಬ ಆತ್ಮಕಥನದಲ್ಲಿ ಹ್ಯಾರಿ, ಅದು ಬೈಗುಳವೆಂದು ತನಗೆ ತಿಳಿದಿರಲಿಲ್ಲ, ಸುತ್ತಲಿನವರು ಮುಜುಗರವಿಲ್ಲದೆ ಬಳಸುತ್ತಿದ್ದರು ಎಂದು ವಿವರಿಸಿದ್ದಾನೆ. ಇದು ಪ್ರಾಮಾಣಿಕವೇ ಇರಬಹುದು. ಆದರೆ ಈ ಸಮರ್ಥನೆ ವ್ಯಕ್ತಿಯನ್ನು ಬಿಡಿಸಹೋಗಿ ಆತನ ಇಡೀ ವರ್ಗವನ್ನು ಸಾಕ್ಷಿಕಟ್ಟೆಗೆ ತರುತ್ತದೆ: ಅರಿಯದಿರುವುದೂ ಅಲ್ಲಿ ಒಂದು ಸವಲತ್ತು, ಥಳಿಸಿಕೊಂಡವರ ಮಕ್ಕಳಿಗೆ ಅದು ಇರಲಿಲ್ಲ.

ಕನ್ನಡ ಅಧ್ಯಯನಕಾರರಿಗೆ ಈ ತರ್ಕ ಹೊಸತಲ್ಲ. ಜಾತಿಯ ಹೆಸರನ್ನೇ ಬೈಗುಳವಾಗಿಸಿ ‘ತಮಾಷೆಗೆ ಅಂದದ್ದು’ ಎನ್ನುವುದು ಇಲ್ಲಿಯೂ ರೂಢಿ. 2008ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಜಾತಿಸೂಚಕ ಪದವು ಅವಮಾನಕರವೇ ಎಂಬುದನ್ನು ಅದರ ವ್ಯುತ್ಪತ್ತಿಯಿಂದಲ್ಲ, ಜನಬಳಕೆಯಲ್ಲಿ ಅದು ಪಡೆದಿರುವ ಅರ್ಥದಿಂದ ತೀರ್ಮಾನಿಸಬೇಕೆಂದಿತು. ನಮ್ಮ ನಿಘಂಟುಗಳು ಮಾತ್ರ ಇಂಥ ಪದಗಳಿಗೆ ಇನ್ನೂ ಬಹುಮಟ್ಟಿಗೆ ಮೂಲಾರ್ಥವನ್ನಷ್ಟೇ ಕೊಟ್ಟು ಮುಂದೆ ಸಾಗುತ್ತವೆ.