ಬೊಂತೆಯ ತಪ್ಪು ಹೊಲಿಗೆಯನ್ನು ತಿದ್ದುವ ಬಗೆ

ನಮ್ಮ ಹೊಸೂರು ಸೀಮೆಯ ಮಾರ್ಗಶಿರದ ಚಳಿಯನ್ನು ಬಲ್ಲವರಿಗೆ ಬೊಂತೆಯ ಬೆಲೆ ತಿಳಿದಿದೆ. ಹಳೆಯ ಸೀರೆ, ಪಂಚೆಗಳನ್ನು ಪದರಪದರವಾಗಿ ಹಾಸಿ ಹೊಲಿಯುವ ಈ ಹೊದಿಕೆಯೇ ಉತ್ತರ ಕರ್ನಾಟಕದ ಕೌದಿ. ಉತ್ತರ ಕನ್ನಡದ ಸಿದ್ದಿ ಮಹಿಳೆಯರು ಇದನ್ನು ಅಂಚಿನಿಂದ ಆರಂಭಿಸಿ ಸುತ್ತುಸುತ್ತಾಗಿ ನಡುವಿನವರೆಗೆ ಹೊಲಿಯುತ್ತಾರೆ.

ನಾನು ಶಾಲೆ ಮುಗಿಸಿದ ವರ್ಷ, ತೀರಿಹೋದ ಅಜ್ಜಿಯ ಸೀರೆಯಿಂದ ಬೊಂತೆ ಹೊಲಿಯುತ್ತಿದ್ದೆ. ಕೆಳಪದರ ಮಡಿಚಿಕೊಂಡದ್ದನ್ನು ಗಮನಿಸಲಿಲ್ಲ. ಗಾಬರಿಯಿಂದ ದಾರವನ್ನು ಜಗ್ಗಿದೆ. ಜೀರ್ಣವಾಗಿದ್ದ ಸೀರೆ ಹರಿಯಿತು. ಅಳುತ್ತ ಕುಳಿತ ನನಗೆ ಅಮ್ಮ ಕಲಿಸಿದ ಕ್ರಮವಿದು.

ದಾರವನ್ನು ಎಂದಿಗೂ ಜಗ್ಗಬಾರದು. ಹಿಂಬದಿಯಲ್ಲಿ 3-4 ಹೊಲಿಗೆಗೊಂದರಂತೆ ಕತ್ತರಿಸಿ, ಮುಂಬದಿಯಿಂದ ಮೆಲ್ಲನೆ ಬಿಡಿಸಬೇಕು. ಸುಕ್ಕನ್ನು ಇನ್ನೂ ಹೊಲಿಯದ ಕಡೆಗೆ ಸವರಿ, ಉದ್ದುದ್ದ ಹೊಲಿಗೆಗಳಿಂದ ಪದರಗಳನ್ನು ಹಿಡಿದಿಟ್ಟು, ಬಳಿಕ ಮರುಹೊಲಿಯಬೇಕು. ಸೂಜಿಯ ರಂಧ್ರಗಳ ಮೇಲೆ ನೀರು ಚಿಮುಕಿಸಿ ಉಗುರಿನಿಂದ ಉಜ್ಜಿದರೆ ನೂಲಿನ ಎಳೆಗಳು ಮರಳಿ ಕೂಡಿಕೊಳ್ಳುತ್ತವೆ. ಹರಿದೆಡೆಗೆ ತೇಪೆಯೇ ಮದ್ದು. ಅದು ಹರುಕಿಗಿಂತ ಸುತ್ತಲೂ ಎರಡು ಬೆರಳಗಲ ದೊಡ್ಡದಿರಬೇಕು. ಆಗ ಹೊಲಿಗೆ ಗಟ್ಟಿಬಟ್ಟೆಯಲ್ಲಿ ನಿಲ್ಲುತ್ತದೆ.

ಅಮ್ಮ ಅಂದು ತನ್ನ ಸೀರೆಯ ತುಂಡಿನಿಂದಲೇ ತೇಪೆ ಹಾಕಿದಳು. ಅಜ್ಜಿಯ ಸೀರೆಯ ನಡುವೆ ಅದು ಇಂದಿಗೂ ಭದ್ರವಾಗಿದೆ. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳು ಈ ಕೈಗೆಲಸವನ್ನೂ, ಬೊಂತೆಯೆಂಬ ಮಾತನ್ನೂ ಮಕ್ಕಳಿಗೆ ದಾಟಿಸುವರೆಂದು ಆಶಿಸುತ್ತೇನೆ.